ನೋಡುವವರ ಗಡಿಯಾರ

ಮೈಸೂರಿನಿಂದ ಗೋಣಿಕೊಪ್ಪದ ಬಸ್ಸು ಹಿಡಿದರೆ ಹುಣಸೂರು ದಾಟುವವರೆಗೂ ಬಯಲು ಸೀಮೆಯ ದಾರಿ. ಜುಲೈ ತಿಂಗಳು. ಎರಡೂ ಕಡೆ ತಂಬಾಕಿನ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ಎಲೆ ಹದ ಮಾಡುವ ಬ್ಯಾರನ್ನು. ಆನೆಚೌಕೂರಿನ ಗೇಟು ಬಂತೋ, ಕಾಡು ಶುರು. ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದವರೆಲ್ಲ ಕಿಟಕಿಗೆ ಮುಖ ತಿರುಗಿಸುತ್ತಾರೆ. ಮತ್ತಿಗೋಡಿನ ಆನೆ ಶಿಬಿರ ಈ ರಸ್ತೆಯಲ್ಲೇ ಇದೆ. 2020ರಿಂದ ಮೈಸೂರು ದಸರೆಯ ಅಂಬಾರಿ ಹೊರುತ್ತ ಬಂದ ಅಭಿಮನ್ಯು ಇಲ್ಲಿಯವನು ಅಂತ ಕಂಡಕ್ಟರು ಕೇಳದಿದ್ದರೂ ಹೇಳುತ್ತಾನೆ. ಅದಾದ ಮೇಲೆ ಕಾಫಿ ತೋಟ, ನಾಲ್ಕು ಅಂಗಡಿ, ಬಸ್ ನಿಲ್ದಾಣ. ತಿತಿಮತಿ.

ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ. ಚಹಾ ಕುಡಿದು ಗೋಣಿಕೊಪ್ಪಕ್ಕೋ ಕುಟ್ಟಕ್ಕೋ ಹೋಗುತ್ತಾರೆ. ನಾನು ಇಳಿದದ್ದು ಒಂದು ವಾಚಿಗಾಗಿ. ಇಲ್ಲಿ ತೋಟ ಮಾಡಿಕೊಂಡಿರುವ ಹಳೆಯ ಗೆಳೆಯ ಒಂದು ಫೋಟೋ ಕಳಿಸಿದ್ದ. ಕಪ್ಪು ಡಯಲ್ಲಿನ ದಪ್ಪ ಸ್ಟೀಲ್ ವಾಚು, ಗಾಜಿನ ಒಳಮೈಗೆ ಹಬೆ ಕಟ್ಟಿದೆ, ಮುಳ್ಳುಗಳು ಮಸುಕಾಗಿ ಕಾಣುತ್ತಿವೆ. ಕೆಳಗೆ ಒಂದೇ ಸಾಲು: ‘ಮಾರಾಯ, ರೋಲೆಕ್ಸ್ ಒಳಗೆ ಮಳೆ ಬರ್ತಾ ಇದೆ.’ ಬೆಂಗಳೂರಿನಲ್ಲಿ ಬಿಡುವಿನ ವೇಳೆ ಹಳೆಯ ಗಡಿಯಾರ ಬಿಚ್ಚಿ ಕೂರುವ ಚಟ ನನ್ನದು ಅಂತ ಅವನಿಗೆ ಗೊತ್ತು.

ಅದು ರೋಲೆಕ್ಸ್ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವನ ಭಾವ ದುಬೈಯ ಕರಾಮಾದಿಂದ ತಂದುಕೊಟ್ಟ ‘ಫಸ್ಟ್ ಕಾಪಿ’. 2018ರ ಡಿಸೆಂಬರಿನಲ್ಲಿ ಕಣ್ಣೂರಿನ ವಿಮಾನ ನಿಲ್ದಾಣ ತೆರೆದ ಮೇಲೆ ದಕ್ಷಿಣ ಕೊಡಗಿಗೆ ಗಲ್ಫು ಇನ್ನಷ್ಟು ಹತ್ತಿರವಾಗಿದೆ. ಮಟ್ಟನ್ನೂರಿನಲ್ಲಿ ಇಳಿದವರು ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬರುವಾಗ ಸೂಟ್‌ಕೇಸಿನಲ್ಲಿ ಖರ್ಜೂರ, ಸೆಂಟು, ಜೊತೆಗೆ ಇಂಥದ್ದೊಂದು ವಾಚು. ಫಸ್ಟ್ ಕಾಪಿ ಅನ್ನುವ ಮಾತೇ ಒಂದು ತಮಾಷೆ. ಸೆಕೆಂಡ್ ಕಾಪಿ ಮಾರುವವನನ್ನು ನಾನು ಈವರೆಗೆ ಕಂಡಿಲ್ಲ.

ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತೆವು. ಮಳೆ ಹಿಡಿದುಕೊಂಡಿತ್ತು. ಕಣ್ಣಿಗೆ ಲೂಪ್ ಸಿಕ್ಕಿಸಿ ಮೊದಲು ಹೊರಮೈ ನೋಡಿದೆ. ಇದು ಸಬ್‌ಮರೀನರ್ ಮಾಡೆಲ್ಲಿನ ನಕಲು. ಅಸಲಿ ಸಬ್‌ಮರೀನರ್ 1953ರಲ್ಲಿ ಮುಳುಗುಗಾರರಿಗಾಗಿ ಬಂದ ವಾಚು. ಸುತ್ತಲಿನ ಕಪ್ಪು ಉಂಗುರ, ಅಂದರೆ ಬೆಜೆಲ್, ತಿರುಗುವುದು ಅಲಂಕಾರಕ್ಕಲ್ಲ. ನೀರಿಗೆ ಇಳಿಯುವ ಗಳಿಗೆಯಲ್ಲಿ ಅದರ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ಸರಿ ಹಿಡಿದರೆ ಎಷ್ಟು ಹೊತ್ತು ಒಳಗಿದ್ದೇವೆ ಅಂತ ಒಂದೇ ನೋಟಕ್ಕೆ ತಿಳಿಯಬೇಕು. ಗೆಳೆಯನ ವಾಚಿನಲ್ಲಿ ಆ ಚುಕ್ಕೆ ಹನ್ನೆರಡರ ನೇರಕ್ಕೆ ನಿಲ್ಲುತ್ತಲೇ ಇರಲಿಲ್ಲ. ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು. ಉಂಗುರದ ಮೇಲಿನ ಪಟ್ಟಿಯನ್ನು ಅಂಟಿಸುವಾಗಲೇ ಸೊಟ್ಟ ಮಾಡಿದ್ದರು.

ಆಮೇಲೆ ತಾರೀಕಿನ ಮೇಲಿನ ಲೆನ್ಸು. ನಕಲು ಹಿಡಿಯುವವರು ಮೊದಲು ನೋಡುವುದೇ ಇದನ್ನು. ಅಸಲಿಯಲ್ಲಿ ಅದು ಅಂಕಿಯನ್ನು ಎರಡೂವರೆ ಪಟ್ಟು ಹಿಗ್ಗಿಸಿ, ಕಿಟಕಿಯ ತುಂಬ ತಾರೀಕೇ ಕಾಣುವ ಹಾಗೆ ಮಾಡುತ್ತದೆ. ಇಲ್ಲಿ ಒಂದೂವರೆ ಪಟ್ಟಾದರೂ ಹಿಗ್ಗಿಸುತ್ತಿತ್ತೋ ಇಲ್ಲವೋ. ಸಾಲದ್ದಕ್ಕೆ ಅಂಕಿ ಕಿಟಕಿಯ ನಡುವೆ ನಿಲ್ಲದೆ ಎಡಗೋಡೆಗೆ ಒರಗಿತ್ತು. ‘17’ ಇದ್ದ ದಿನ ಒಂದು ಮಾಯ, ಬರೀ ಏಳು. ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಸಫೈರ್ ಗಾಜಾದರೆ ಹನಿ ಗುಂಡಗೆ ಮಣಿಯಾಗಿ ನಿಲ್ಲುತ್ತದೆ, ಸಾಧಾರಣ ಗಾಜಾದರೆ ಹರಡಿಕೊಳ್ಳುತ್ತದೆ. ಹರಡಿಕೊಂಡಿತು. ಡಯಲ್ಲಿನ ಅಕ್ಷರಗಳು ಮಾತ್ರ ಚೆನ್ನಾಗಿದ್ದವು. ಲೂಪ್‌ನಲ್ಲಿ ನೋಡಿದರೂ ಅಂಚು ಒಡೆದಿರಲಿಲ್ಲ. ತೂಕವೂ ಮೋಸವಿಲ್ಲ, ಕೈಯಲ್ಲಿ ಹಿಡಿದರೆ ಗಟ್ಟಿ ಮಾಲು.

ಆದರೆ ಕೀ ತಿರುಗಿಸಿ ಒಳಗೆ ಕೂರಿಸಲು ಹೋದರೆ ತಿರುಪಿನ ಮರೆ ಹಿಡಿಯಲಿಲ್ಲ. ಅಲ್ಲೇ ಸಿಕ್ಕಿತು ಮಳೆಯ ದಾರಿ.

ಈ ವಾಚಿನ ವಂಶದ ದೊಡ್ಡ ಹೆಮ್ಮೆಯೇ ನೀರು ಹೋಗದಿರುವುದು. ರೋಲೆಕ್ಸ್ ಕಟ್ಟಿದ ಹ್ಯಾನ್ಸ್ ವಿಲ್ಸ್‌ಡಾರ್ಫ್ 1926ರಲ್ಲಿ ‘ಆಯ್‌ಸ್ಟರ್’ ಅನ್ನುವ ಹೆಸರಿನಲ್ಲಿ, ಬೆನ್ನು, ಬೆಜೆಲ್, ಕೀ ಮೂರನ್ನೂ ಸ್ಕ್ರೂ ಮಾಡಿ ಬಿಗಿಯುವ ಕವಚ ತಂದ. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಅನ್ನುವ ಇಂಗ್ಲಿಷ್ ಈಜುಗಾರ್ತಿ ಅದನ್ನು ಕೊರಳಿಗೆ ಕಟ್ಟಿಕೊಂಡು ಇಂಗ್ಲಿಷ್ ಕಾಲುವೆಯ ತಣ್ಣೀರಿಗೆ ಇಳಿದಳು. ಗಂಟೆಗಟ್ಟಲೆ ನೀರಿನಲ್ಲಿದ್ದರೂ ವಾಚು ನಿಲ್ಲಲಿಲ್ಲ, ವಿಲ್ಸ್‌ಡಾರ್ಫ್ ಆ ಸುದ್ದಿಯನ್ನು ಪತ್ರಿಕೆಯ ಮುಖಪುಟದಲ್ಲಿ ಜಾಹೀರಾತಾಗಿ ಹಾಕಿಸಿದ. ನಕಲು ಮಾಡಿದವರು ಕಿರೀಟದ ಗುರುತು, ಅಕ್ಷರ, ಬಣ್ಣ, ತೂಕ ಎಲ್ಲವನ್ನೂ ಶ್ರದ್ಧೆಯಿಂದ ನಕಲು ಮಾಡಿ ಇದೊಂದನ್ನು ಮಾತ್ರ ಕೈಬಿಟ್ಟಿದ್ದರು. ಯಾಕೆಂದರೆ ಅದು ಫೋಟೋದಲ್ಲಿ ಕಾಣುವುದಿಲ್ಲ. ಮಳೆ ಅಪರೂಪವಾದ ದುಬೈಯಲ್ಲಿ ಈ ದೋಷ ಹತ್ತು ವರ್ಷ ಹೊರಬೀಳದೆ ಇದ್ದಿರಬಹುದು. ಕೊಡಗಿನ ಆಷಾಢ ಒಂದೇ ವಾರದಲ್ಲಿ ಹೊರಹಾಕಿತು.

ರಬ್ಬರ್ ಚೆಂಡು ಒತ್ತಿ ಬೆನ್ನು ಬಿಚ್ಚಿದೆ. ಸುತ್ತಲಿನ ರಬ್ಬರ್ ಬಳೆಯನ್ನು ಕೂರಿಸುವಾಗ ಒಂದು ಕಡೆ ಸಿಕ್ಕಿಸಿ ಜಜ್ಜಿದ್ದರು. ಕೀಯ ಕೊಳವೆಯೊಳಗಿನ ಬಳೆ ಒಣಗಿ ಸೀಳಿತ್ತು. ಇನ್ನು ಯಂತ್ರ. ನೋಡಿದ ತಕ್ಷಣ ಗುರುತು ಸಿಕ್ಕಿತು. ಚೀನಾದ ಅಗ್ಗದ ಆಟೊಮ್ಯಾಟಿಕ್ ಯಂತ್ರ. 2813 ಅನ್ನುವ ನಂಬರಿನಿಂದ ರಿಪೇರಿ ಮಾಡುವವರಿಗೆಲ್ಲ ಪರಿಚಿತ. ಗಂಟೆಗೆ 21,600 ಬಡಿತ. ಅಸಲಿ ರೋಲೆಕ್ಸ್ ಗಂಟೆಗೆ 28,800 ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಎಂಟು. ಅದರ ಸೆಕೆಂಡಿನ ಮುಳ್ಳು ಜಾರಿದ ಹಾಗೆ ಹೋಗುತ್ತದೆ. ಇದರದ್ದು ಆರು ಬಡಿತ, ನಡುನಡುವೆ ಸಣ್ಣ ತಡವರಿಕೆ.

ಈ 2813ರ ಮೂಲ ಜಪಾನಿನ ಮಿಯೋಟಾ ಯಂತ್ರ. ಮಿಯೋಟಾ ಅಂದರೆ ಸಿಟಿಜನ್ ಮನೆಯದ್ದು. ಸಿಟಿಜನ್ ಅಂದ ಕೂಡಲೇ ಕನ್ನಡದವರಿಗೆ ಇನ್ನೊಂದು ಹೆಸರು ನೆನಪಾಗಬೇಕು: ಎಚ್‌ಎಂಟಿ. 1961ರಲ್ಲಿ ಸಿಟಿಜನ್ ಜೊತೆ ಒಪ್ಪಂದ ಮಾಡಿಕೊಂಡು ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾಯಿತು, 1963ರಲ್ಲಿ ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಜನತಾ, ಪೈಲಟ್ ವಾಚುಗಳ ಎದೆಯೊಳಗಿದ್ದ 0231 ನಂಬರಿನ, 17 ಜ್ಯುವೆಲ್‌ಗಳ ಯಂತ್ರ ಸಿಟಿಜನ್ ವಿನ್ಯಾಸದ್ದೇ. ಅಂದರೆ ಗೆಳೆಯನ ಡೂಪ್ಲಿಕೇಟ್ ರೋಲೆಕ್ಸಿಗೂ ನಮ್ಮಪ್ಪಂದಿರ ಜನತಾಕ್ಕೂ ದೂರದ ನೆಂಟಸ್ತಿಕೆ ಉಂಟು. ಒಂದು ದುಡ್ಡು ಕೊಟ್ಟು, ಕಲಿತು, ತನ್ನ ಹೆಸರನ್ನೇ ಮುಖದ ಮೇಲೆ ಬರೆದುಕೊಂಡ ನಕಲು. ಇನ್ನೊಂದು ಯಾರನ್ನೂ ಕೇಳದೆ ತೆಗೆದ ನಕಲು, ಮುಖದ ಮೇಲೆ ಮೂರನೆಯವರ ಹೆಸರು. ನಕಲು ಅಂದ ಮಾತ್ರಕ್ಕೆ ಕೀಳು ಅನ್ನುವುದಾದರೆ ಎಚ್‌ಎಂಟಿಯ ತುಮಕೂರಿನ ಕಾರ್ಖಾನೆಯಲ್ಲಿ ದುಡಿದವರ ಕೈಕುಶಲವನ್ನೆಲ್ಲ ಕೀಳು ಅನ್ನಬೇಕಾಗುತ್ತದೆ. ಸ್ವಿಸ್ಸರೂ ಸಾಚಾಗಳಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಾಲ್ಥಮ್, ಎಲ್ಜಿನ್ ಗಡಿಯಾರಗಳಿಗೆ ಹೆಸರು ಬಂದಾಗ, ಹೆಚ್ಚುಕಡಿಮೆ ಅದೇ ಹೆಸರು ಕೆತ್ತಿದ ಅಗ್ಗದ ನಕಲುಗಳು ಹೊರಟದ್ದು ಸ್ವಿಟ್ಜರ್ಲೆಂಡಿನಿಂದಲೇ.

ಯಂತ್ರವನ್ನು ಹೊರತೆಗೆದು, ಕವಚವನ್ನು ಮನೆಯವರ ಕ್ಯಾಮೆರಾ ಇಡುವ ಬೀರುವಿಗೆ ಹಾಕಿದೆವು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಿರಲಿ ಅಂತ ಕೊಡಗಿನ ಎಷ್ಟೋ ಮನೆಗಳಲ್ಲಿ ಬೀರುವಿನೊಳಗೆ ಒಂದು ಬಲ್ಬು ಹಗಲೂ ರಾತ್ರಿ ಉರಿಯುತ್ತಿರುತ್ತದೆ. ವಾಚಿನ ಕವಚ ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲೂ ಸಿಗುವುದಿಲ್ಲ.

ಇನ್ನು ಓಟ ಅಳೆಯಬೇಕು. ಫೋನಿನಲ್ಲಿ ಒಂದು ಆ್ಯಪ್ ಇದೆ. ಮೈಕಿನ ಹತ್ತಿರ ವಾಚಿಟ್ಟರೆ ಟಿಕ್ ಟಿಕ್ ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡು ಮುಂದೋಡುತ್ತದೆ, ಬ್ಯಾಲೆನ್ಸ್ ಚಕ್ರದ ಎಡ ಬಲದ ತೂಗಾಟ ಸಮನಾಗಿದೆಯೇ ಅಂತ ಗೆರೆ ಹಾಕಿ ತೋರಿಸುತ್ತದೆ. ಜಗಲಿಯಲ್ಲಿ ಅದಕ್ಕೆ ಮಳೆಯೇ ಕೇಳಿಸುತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಸಿ. ಕೊನೆಗೆ ಗೆಳೆಯ ಗೋಡೌನಿಗೆ ಕರೆದುಕೊಂಡು ಹೋದ. ಬೆಲೆ ಏರಲಿ ಅಂತ ಕಾದಿರಿಸಿದ ಕರಿಮೆಣಸಿನ ಚೀಲಗಳು ಮಾಡಿನವರೆಗೆ. ಅವುಗಳ ನಡುವೆ ಕೂತರೆ ಹೊರಗಿನ ಸದ್ದು ಸತ್ತೇಹೋಗುತ್ತದೆ. ಒಂದು ಚೀಲದ ಮೇಲೆ ಫೋನು, ಅದರ ಮೇಲೆ ಯಂತ್ರ. ಗೆರೆ ಮೂಡಿತು, ಮೂಡಿದ ಕೂಡಲೇ ಕಡಿದಾಗಿ ಮೇಲಕ್ಕೆ ಹೋಯಿತು. ದಿನಕ್ಕೆ ಒಂದೂವರೆ ನಿಮಿಷ ಮುಂದು.

ಇಷ್ಟು ಓಡಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲೆ. ದಿಕ್ಸೂಚಿ ಹತ್ತಿರ ಹಿಡಿದರೆ ಮುಳ್ಳು ಅಲ್ಲಾಡಿತು. ಹೇರ್‌ಸ್ಪ್ರಿಂಗಿನ ಸುರುಳಿಗಳು ಕಾಂತ ಹಿಡಿದು ಒಂದಕ್ಕೊಂದು ತಾಗಿದರೆ ಸ್ಪ್ರಿಂಗು ಗಿಡ್ಡವಾದ ಹಾಗೆಯೇ ಲೆಕ್ಕ, ವಾಚು ಧಾವಿಸುತ್ತದೆ. ಗೆಳೆಯನ ಫೋನ್ ಕವರಿಗೆ ಅಯಸ್ಕಾಂತದ ಬಕ್ಕಲ್ಲು; ರಾತ್ರಿ ವಾಚನ್ನು ಅದರ ಮೇಲೇ ಇಡುತ್ತಿದ್ದನಂತೆ. ಕಾಂತ ಇಳಿಸುವ ಸಣ್ಣ ಡಬ್ಬಿಯ ಮೇಲಿಟ್ಟು ಗುಂಡಿ ಒತ್ತಿ ಮೆಲ್ಲಗೆ ಎತ್ತಿದೆ. ಗೆರೆ ಅರ್ಧಕ್ಕೆ ಇಳಿಯಿತು. ಉಳಿದದ್ದನ್ನು ಬ್ಯಾಲೆನ್ಸಿನ ಮೇಲಿನ ಎರಡು ಪುಟ್ಟ ತೋಳುಗಳಲ್ಲಿ ಸರಿಮಾಡಬೇಕು. ಒಂದನ್ನು ಸರಿಸಿದರೆ ತೂಗಾಟ ಸಮನಾಗುತ್ತದೆ, ಇನ್ನೊಂದನ್ನು ಸರಿಸಿದರೆ ಓಟ ನಿಧಾನವಾಗುತ್ತದೆ. ಸರಿಸುವುದು ಅಂದರೆ ಚಿಮುಟದ ತುದಿ ಮುಟ್ಟಿಸಿ ಉಸಿರು ಬಿಗಿಹಿಡಿಯುವುದು, ಅಷ್ಟೆ. ಮುಟ್ಟು, ಕೇಳು, ಗೆರೆ ನೋಡು, ಮತ್ತೆ ಮುಟ್ಟು. ಮೇಲ್ಮುಖವಾಗಿ ಮಲಗಿಸಿದಾಗ ಎಂಟು ಸೆಕೆಂಡು, ನಿಲ್ಲಿಸಿದಾಗ ಹದಿನೈದರ ಸುಮಾರಿಗೆ ಬಂದು ನಿಂತಿತು. ಆ ಯಂತ್ರದಿಂದ ಅದಕ್ಕಿಂತ ಕೇಳುವುದು ಅನ್ಯಾಯ.

ಚೀಲದ ಮೇಲೆ ಕೂತ ಗೆಳೆಯನಿಗೆ ಮೆಣಸಿನ ಮಾತು ಬಂತು. ಒಂದು ಬೊಗಸೆ ತೆಗೆದು ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿದ. ‘ಲೀಟರಿಗೆ ಐನೂರೈವತ್ತು ಗ್ರಾಂ ತೂಗ್ತದೆ ಇದು. ಕಣ್ಣು ಮುಚ್ಚಿಕೊಂಡು ಹೇಳ್ತೇನೆ.’ ಆಮೇಲೆ 2017ರ ಕಥೆ. ಆ ವರ್ಷ ವಿಯೆಟ್ನಾಮಿನ ಮೆಣಸು ಗೋಣಿಕೊಪ್ಪದ ಎಪಿಎಂಸಿ ಅಂಗಳದವರೆಗೂ ಬಂದು ಕೊಡಗಿನ ಮೆಣಸಿನ ಜೊತೆ ಕಲಬೆರಕೆಯಾಗುತ್ತಿದೆ ಅಂತ ಬೆಳೆಗಾರರು ಬೀದಿಗಿಳಿದಿದ್ದರು. ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಕಟ್ಟಿತು. ಆ ಸಿಟ್ಟು ಅವನಿಗೆ ಇನ್ನೂ ಆರಿರಲಿಲ್ಲ. ‘ನಮ್ಮ ಹೆಸರು ಹಾಕ್ಕೊಂಡು ಇನ್ಯಾರದೋ ಮಾಲು! ಮೂಗಿಗೆ ಹಿಡಿದರೆ ಗೊತ್ತಾಗ್ತದೆ, ಘಾಟೇ ಇಲ್ಲ.’

ನಾನು ಅವನ ಖಾಲಿ ಮಣಿಕಟ್ಟನ್ನು ನೋಡಿದೆ. ಅವನಿಗೂ ಹೊಳೆಯಿತು, ನಕ್ಕ. ‘ಮೆಣಸು ನಾನು ಮಾರ್ತೇನೆ. ವಾಚು ಮಾರಲ್ಲವಲ್ಲ.’

ಅದು ಬರೀ ಜಾರಿಕೊಳ್ಳುವ ಮಾತಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಸುಳ್ಳು ಮುದ್ರೆಯ ಮಾಲನ್ನು ಮಾರುವವನಿಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ಅನ್ನುತ್ತದೆ. ಅದರ ಕಣ್ಣು ಅಂಗಡಿಯವನ ಮೇಲೆ, ಕೊಂಡು ಕಟ್ಟಿಕೊಂಡವನ ಮೇಲಲ್ಲ. ಆದರೂ ಕಟ್ಟಿಕೊಂಡವನು ಪೂರಾ ಅಮಾಯಕ ಅಂತ ಒಪ್ಪಲು ನನಗೆ ಮನಸ್ಸಿಲ್ಲ. ಮಾರುವುದು ದುಡ್ಡಿಗೇ ಆಗಬೇಕೆಂದೇನಿಲ್ಲ. ಮದುವೆ ಮನೆಯಲ್ಲಿ ಅಂಗಿಯ ತೋಳು ಎರಡಿಂಚು ಮೇಲೆ ಮಡಚಿ ಕೂತವನಿಗೂ ಒಂದು ಗಿರಾಕಿ ಬೇಕಾಗಿರುತ್ತದೆ.

ಮನೆಯೊಳಗೆ ಅವನ ತಂದೆ ಇದ್ದರು. ಸೇನೆಯಿಂದ ನಿವೃತ್ತರಾದವರು, ಕೈಯಲ್ಲಿ ಎಚ್‌ಎಂಟಿ ಪೈಲಟ್. ಕಪ್ಪು ಡಯಲ್ಲು ಕಂದು ಬಣ್ಣಕ್ಕೆ ತಿರುಗಿದೆ, ಹೊಳೆಯುವ ಬಣ್ಣ ಹೊಳಪು ಬಿಟ್ಟು ಎಷ್ಟೋ ಕಾಲವಾಗಿದೆ. ಅವರ ಹುಟ್ಟುಹಬ್ಬಕ್ಕೆ ಮಗ ಆನ್‌ಲೈನಿನಲ್ಲಿ ಇನ್ನೊಂದು ಪೈಲಟ್ ತರಿಸಿಕೊಟ್ಟಿದ್ದ, ಅದನ್ನೂ ತಂದು ಮೇಜಿನ ಮೇಲಿಟ್ಟರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಲೂಪ್ ಬೇಕಾಗಲಿಲ್ಲ. ಹೊಸದರ ಅಕ್ಷರಗಳು ದಪ್ಪ, ನಿಮಿಷದ ಗೆರೆಗಳು ಅಂಚಿನಿಂದ ಒಂದು ಕಡೆ ದೂರ, ಇನ್ನೊಂದು ಕಡೆ ಹತ್ತಿರ. ಪಾಲಿಶ್ ಹೊಡೆದು ಹೊಡೆದು ಕವಚದ ಮೂಲೆಗಳೆಲ್ಲ ಸವೆದು ದುಂಡಗಾಗಿವೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ ಮೇಲೆ ಈ ವಾಚುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹಳೆಯ ಡಯಲ್ಲು ಉಜ್ಜಿ ಹೊಸದಾಗಿ ಅಚ್ಚು ಹಾಕಿ, ಕಾರ್ಖಾನೆ ಕನಸಿನಲ್ಲೂ ಕಾಣದ ನೀಲಿ ಕೆಂಪು ಬಣ್ಣಗಳಲ್ಲಿ ಮಾರುವುದು ಈಗೊಂದು ದಂಧೆ. ಬೆನ್ನು ಬಿಚ್ಚಿದರೆ ಒಳಗೆ ಅಪ್ಪಟ 0231. ಮುಖ ಸುಳ್ಳು, ಎದೆ ನಿಜ. ಒಂದು ಹನಿ ಎಣ್ಣೆ, ಸ್ವಲ್ಪ ಕಸ ತೆಗೆದದ್ದು ಬಿಟ್ಟರೆ ಅದಕ್ಕೆ ಬೇರೇನೂ ಬೇಕಿರಲಿಲ್ಲ.

ಅವರು ಮಗನ ರೋಲೆಕ್ಸಿನ ಯಂತ್ರವನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಅದರ ರೋಟರ್ ಗಿರ್ರನೆ ತಿರುಗಿತು; ಈ ಜಾತಿಯ ಯಂತ್ರ ಒಂದೇ ದಿಕ್ಕಿಗೆ ಕೀ ತುಂಬಿಕೊಳ್ಳುತ್ತದೆ, ಇನ್ನೊಂದು ದಿಕ್ಕಿಗೆ ರೋಟರ್ ಹಿಡಿತವಿಲ್ಲದೆ ಸುತ್ತುತ್ತದೆ. ‘ಕೀ ಕೊಡೋದು ಬೇಡವಾ ಇದಕ್ಕೆ?’ ಅಂದರು. ಬೇಡ, ಕೈಯಲ್ಲಿದ್ದರೆ ತಾನೇ ತುಂಬಿಕೊಳ್ಳುತ್ತೆ ಅಂದೆ. ‘ಹಾಗಾದರೆ ಬೆಳಿಗ್ಗೆ ಎದ್ದು ಏನು ಮಾಡ್ತೀರಿ?’ ಉತ್ತರಕ್ಕೆ ಕಾಯದೆ ಯಂತ್ರ ಕೆಳಗಿಟ್ಟರು.

ಮರುದಿನ ಕವಚ ಒಣಗಿತ್ತು. ಬೆಂಗಳೂರಿನಿಂದ ತಂದಿದ್ದ ರಬ್ಬರ್ ಬಳೆಗಳಲ್ಲಿ ಅಳತೆಗೆ ಸರಿಯಾದದ್ದನ್ನು ಆರಿಸಿ, ಸಿಲಿಕಾನ್ ಗ್ರೀಸು ಸವರಿ ಕೂರಿಸಿದೆ. ಕೀಯ ಮರೆಯಲ್ಲಿ ಸಿಕ್ಕಿದ್ದ ಲೋಹದ ಪುಡಿ ತೆಗೆದ ಮೇಲೆ ಅದೂ ಹಿಡಿಯಿತು. ಡಯಲ್ಲನ್ನು ಯಂತ್ರಕ್ಕೆ ಅಂಟಿಸಿದ್ದ ಚುಕ್ಕೆಗಳು ಜಾರಿದ್ದರಿಂದಲೇ ತಾರೀಕು ಎಡಕ್ಕೆ ಒರಗಿದ್ದದ್ದು. ಮುಳ್ಳುಗಳನ್ನು ಕಿತ್ತು, ಡಯಲ್ಲನ್ನು ಎಳೆಯಷ್ಟು ತಿರುಗಿಸಿ ಮತ್ತೆ ಕೂರಿಸಿದೆ. ಹದಿನೇಳು ಹದಿನೇಳಾಗಿಯೇ ಕಂಡಿತು. ಕೊನೆಗೆ ಪರೀಕ್ಷೆ. ವಾಚನ್ನು ಒಲೆಯ ಹತ್ತಿರ ಬೆಚ್ಚಗೆ ಮಾಡಿ ಗಾಜಿನ ನಡುವೆ ಒಂದು ಹನಿ ಫ್ರಿಜ್ಜಿನ ನೀರು. ಒಳಗೆ ತೇವವಿದ್ದರೆ ಹನಿಯ ಕೆಳಗೆ ಗಾಜಿನ ಒಳಮೈಗೆ ಮಂಜು ಕೂರುತ್ತದೆ. ಕೂರಲಿಲ್ಲ. ಇದರಲ್ಲಿ ಈಜಬೇಡ, ಮಳೆಗೆ ಅಡ್ಡಿಯಿಲ್ಲ ಅಂದೆ.

ಗೆಳೆಯನ ಪಟ್ಟಿ ಮುಗಿದಿರಲಿಲ್ಲ. ಡಿಸೆಂಬರಿನಲ್ಲಿ ತಂಗಿಯ ಮಗಳ ಮದುವೆ. ಮೈಸೂರಿನಿಂದ, ಬೆಂಗಳೂರಿನಿಂದ ಗೊತ್ತಿದ್ದವರು ಬರುತ್ತಾರೆ. ಆ ಲೆನ್ಸೊಂದು ಬದಲಿಸಿ, ಬೆಜೆಲಿನ ಚುಕ್ಕೆಯನ್ನು ನೇರ ಮಾಡಿಬಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ ಅಲ್ಲವೇ? ಎರಡೂವರೆ ಪಟ್ಟು ಹಿಗ್ಗಿಸುವ ಗಾಜು ಹೊರಗೆ ಸಿಗುತ್ತದೆ, ಹಾಕುವುದು ಕಷ್ಟದ ಕೆಲಸವೂ ಅಲ್ಲ. ಹಾಕುವುದಿಲ್ಲ ಅಂದೆ.

‘ತಾರೀಕು ಸರಿ ಮಾಡಿದೆ. ಇದ್ಯಾಕೆ ಆಗಲ್ಲ?’

ಎಡಕ್ಕೆ ಒರಗಿದ ತಾರೀಕು ಕಟ್ಟಿಕೊಂಡವನಿಗೆ ತೊಂದರೆ. ಹಬೆ, ಒಂದೂವರೆ ನಿಮಿಷದ ಓಟ, ಮರೆ ಹಿಡಿಯದ ಕೀ, ಇವೂ ಅವನಿಗೇ ತೊಂದರೆ. ಲೆನ್ಸು ಸ್ವಲ್ಪ ಕಡಿಮೆ ಹಿಗ್ಗಿಸಿದರೆ ಕನ್ನಡಕ ಹಾಕಿಕೊಂಡ ಗೆಳೆಯನಿಗೆ ತಾರೀಕು ಕಾಣದೆ ಹೋಗುವುದಿಲ್ಲ. ಆ ದೋಷ ಇರುವುದು ಎದುರಿಗೆ ಕೂತು ಓರೆಗಣ್ಣಲ್ಲಿ ನೋಡುವವನಿಗೆ. ಅವನಿಗಾಗಿ ವಾಚು ರಿಪೇರಿ ಮಾಡುವುದಕ್ಕೆ ನನಗೆ ಇಷ್ಟವಿಲ್ಲ. ಗೆರೆ ಎಲ್ಲ ಕಡೆ ಇಷ್ಟು ಸ್ಪಷ್ಟವಾಗಿರುವುದಿಲ್ಲ ಅನ್ನುವುದು ನನಗೂ ಗೊತ್ತು. ಬೆಜೆಲಿನ ಚುಕ್ಕೆ ಮುಳುಗುಗಾರನಿಗೆ ಜೀವದ ಪ್ರಶ್ನೆ, ತಿತಿಮತಿಯ ಬೆಳೆಗಾರನಿಗೆ ಶೋಕಿ. ಹಾಗೆಂದು ಹೇಳಿದೆ. ಅವನು ಒಪ್ಪಿದನೋ ಇಲ್ಲವೋ, ಊಟಕ್ಕೆ ಕಡುಬು, ಪಂದಿಕರಿ ಬಂತು, ಮಾತು ಬೇರೆ ಕಡೆ ತಿರುಗಿತು.

ಮಳೆಗಾಲ ಕಳೆದು ಕಾಫಿ ಕೊಯ್ಲು ಶುರುವಾದ ಮೇಲೆ ಒಂದು ದಿನ ಫೋನು. ವಾಚು ರೇಡಿಯೋ ವಾರ್ತೆಗೆ ಸರಿಯಾಗಿ ನಡೆಯುತ್ತಿದೆಯಂತೆ, ಹಬೆ ಮತ್ತೆ ಕಾಣಲಿಲ್ಲವಂತೆ. ಆದರೆ ಗಿಡದ ರೆಂಬೆಗೆ ತಗುಲಿ ಬೆಜೆಲಿನ ಕಪ್ಪು ಪಟ್ಟಿಯೇ ಕಿತ್ತುಕೊಂಡು ತರಗೆಲೆಯಲ್ಲಿ ಎಲ್ಲೋ ಬಿದ್ದುಹೋಗಿದೆ. ಕೊಯ್ಯುವವರೆಲ್ಲ ಸೇರಿ ಹುಡುಕಿದರೂ ಸಿಗಲಿಲ್ಲ. ಹೊಸದು ತರಿಸಿ ಅಂಟಿಸಬಹುದಾ ಅಂತ ಕೇಳಿದ.

‘ಸಮುದ್ರಕ್ಕೆ ಇಳಿಯೋದು ಯಾವತ್ತು ಅಂತ ಹೇಳು,’ ಅಂದೆ. ‘ಹಿಂದಿನ ದಿನ ಬಂದು ಅಂಟಿಸಿ ಕೊಡ್ತೇನೆ.’